ಕೊಡುತ್ತಿದ್ದಾನೋ, ತೆಗೆದುಕೊಳ್ಳುತ್ತಿದ್ದಾನೋ

ಮಗಳ ಮದುವೆಗೆಂದು ಮನೆಗೆ ಬಣ್ಣ ಹೊಡೆಸುತ್ತಿದ್ದೆ. ಮದುವೆ ನಡೆಯುವುದು ಕಲ್ಯಾಣ ಮಂಟಪದಲ್ಲಿ, ಬಣ್ಣ ಮಾತ್ರ ಮನೆಗೆ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ನನ್ನ ಹೆಂಡತಿ ಪದ್ಮ ಉತ್ತರ ಕೊಡದೆ ಒಂದು ಸಲ ಗೋಡೆಯನ್ನೂ ಒಂದು ಸಲ ನನ್ನನ್ನೂ ನೋಡಿದಳು. ಎರಡಕ್ಕೂ ವಯಸ್ಸಾಗಿದೆ ಎಂದು ಅದರ ಅರ್ಥ ಇರಬೇಕು. ಮರುದಿನವೇ ಹೊಸ ತಿಪ್ಪಸಂದ್ರದ ನಮ್ಮ ಮನೆಯ ಹಜಾರಕ್ಕೆ ಬಣ್ಣದ ಡಬ್ಬಿಗಳು ಬಂದು ಕೂತವು.

ಬಣ್ಣ ಹೊಡೆಯಲು ಬಂದವನು ಯಾದಗಿರಿ ಕಡೆಯ ಶರಣಪ್ಪ. ನಮ್ಮ ಹಿಂದಿನ ಬೀದಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು ಹೆಂಡತಿ ಮಕ್ಕಳೊಂದಿಗೆ ಇದ್ದಾನೆ. ಕ್ಯಾಲೆಂಡರು, ಗಡಿಯಾರ, ನಮ್ಮಪ್ಪನ ಫೋಟೊ ಎಲ್ಲ ಇಳಿಸಿದ ಮೇಲೆ, ಕೊನೆಗೆ ದೊಡ್ಡದೊಂದು ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಏಣಿ ಇಳಿದ. ಅದನ್ನು ಕೆಳಗಿಡದೆ, ಅಂಗೈಯಿಂದ ಗಾಜಿನ ಧೂಳು ಒರೆಸಿ, ನೋಡುತ್ತಾ ನಿಂತ.

"ಸರ, ಈ ಮುದುಕಪ್ಪ ಯಾರ್ರೀ?"

"ಅದು ಕ್ರಿಶ್ಚಿಯನ್ನರ ದೇವರ ಚಿತ್ರ ಕಣಪ್ಪ."

"ಅದು ಗೊತ್ತಾತ್ರಿ. ಈ ಮುದುಕಪ್ಪ ಕೂಸನ್ನ ತಾಯಿಗೆ ಕೊಡಾಕತ್ತಾನೋ, ಇಲ್ಲಾ ಆಕಿ ಕಡಿಂದ ಇಸ್ಕೊಳ್ಳಾಕತ್ತಾನೋ?"

ಇಪ್ಪತ್ತೈದು ವರ್ಷಗಳಿಂದ ಈ ಪ್ರಶ್ನೆಯ ಕೆಳಗೇ ಕೂತು ಪೇಪರು ಓದಿದ್ದೇನೆ, ಕಾಫಿ ಕುಡಿದಿದ್ದೇನೆ, ನಿದ್ದೆಯನ್ನೂ ಮಾಡಿದ್ದೇನೆ. ಶರಣಪ್ಪ ಮೊದಲನೆಯ ದಿನವೇ ಅದನ್ನು ಕೇಳಿಬಿಟ್ಟ. "ಗೊತ್ತಿಲ್ಲಪ್ಪ" ಎಂದೆ. ಅವನು ಪಾಪ ಎಂಬಂತೆ ನನ್ನತ್ತ ನೋಡಿ, ಚಿತ್ರವನ್ನು ಸೋಫಾದ ಮೇಲೆ ಮಲಗಿಸಿ, ಹಳೆಯ ಪೇಪರು ಹೊದಿಸಿದ.

ನೀವು ಚಿತ್ರವನ್ನು ನೋಡಿಲ್ಲವಲ್ಲ, ಹೇಳುತ್ತೇನೆ. ಚೌಕಟ್ಟು ಚೌಕ, ಒಳಗಿನ ಚಿತ್ರ ಮಾತ್ರ ದುಂಡಗೆ. ಒಬ್ಬಳು ತಾಯಿ ಹುಲ್ಲಿನ ಮೇಲೆ ಕಾಲು ಮಡಿಸಿ ಕೂತಿದ್ದಾಳೆ. ಅವಳ ಬೆನ್ನ ಹಿಂದೆ ಗಡ್ಡ ಬಿಟ್ಟ, ತಲೆ ಬೋಳಾದ ಒಬ್ಬ ಮುದುಕ. ಮಗು ಇರುವುದು ಇಬ್ಬರ ನಡುವೆ, ತಾಯಿಯ ಭುಜದ ಮೇಲೆ; ಅವಳ ಮಡಿಲೂ ಅಲ್ಲ, ಇವನ ಮಡಿಲೂ ಅಲ್ಲ. ತಾಯಿ ಸೊಂಟ ತಿರುಚಿ ಎರಡೂ ತೋಳನ್ನು ಹಿಂದಕ್ಕೆತ್ತಿ ಮಗುವನ್ನು ಮುಟ್ಟಿದ್ದಾಳೆ. ಮುದುಕನ ಕೈಯೂ ಮಗುವಿನ ಮೇಲಿದೆ. ಇಬ್ಬರ ಕೈಯೂ ಮಗುವಿನ ಮೇಲಿರುವ ಹೊತ್ತಿಗೆ ಸರಿಯಾಗಿ ಚಿತ್ರ ಬರೆದವನು ಕುಂಚ ಕೆಳಗಿಟ್ಟುಬಿಟ್ಟಿದ್ದಾನೆ. ಒಂದು ಕ್ಷಣ ಮೊದಲು ಬರೆದಿದ್ದರೆ ಗೊತ್ತಾಗುತ್ತಿತ್ತು, ಒಂದು ಕ್ಷಣ ಆಮೇಲೆ ಬರೆದಿದ್ದರೂ ಗೊತ್ತಾಗುತ್ತಿತ್ತು. ಇನ್ನೂ ಹಿಂದೆ, ಒಂದು ಮೋಟುಗೋಡೆಯ ಹತ್ತಿರ, ಮೈಮೇಲೆ ನೂಲೆಳೆಯಿಲ್ಲದ ಕೆಲವು ಯುವಕರು ಈ ಸಂಸಾರಕ್ಕೂ ತಮಗೂ ಸಂಬಂಧವಿಲ್ಲ ಎಂಬಂತೆ ಹರಟುತ್ತಾ ಕೂತಿದ್ದಾರೆ. ಅವರು ಯಾರು, ಬಟ್ಟೆ ಎಲ್ಲಿ ಬಿಟ್ಟು ಬಂದರು, ಅದೂ ತಿಳಿಯದು. ಐನೂರು ವರ್ಷದ ಹಿಂದೆ ಇಟಲಿಯಲ್ಲಿ ಯಾರೋ ದೊಡ್ಡ ಕಲಾವಿದ ಬರೆದದ್ದಂತೆ. ಅವನ ಹೆಸರು ಕೆಳಗೆ ಅಚ್ಚಾಗಿದ್ದಿರಬೇಕು, ಫ್ರೇಮು ಹಾಕಿದವನು ಅದನ್ನು ಚೌಕಟ್ಟಿನ ಒಳಕ್ಕೆ ಸೇರಿಸಿಬಿಟ್ಟಿದ್ದಾನೆ.

ನಕ್ಷೆ ಓದುವುದೇ ನನ್ನ ಕಸುಬಾಗಿತ್ತು ಎಂಬುದನ್ನು ಇಲ್ಲಿ ಸ್ವಲ್ಪ ನಾಚಿಕೆಯಿಂದ ಹೇಳಬೇಕು. ರಿಟೈರ್ ಆಗುವ ತನಕ ಇಲ್ಲೇ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಒಂದು ಬಿಡಿಭಾಗ, ಅದರ ನಕ್ಷೆ ಎರಡನ್ನೂ ಮುಂದಿಟ್ಟರೆ ಎಲ್ಲಿ ಕೂದಲೆಳೆಯಷ್ಟು ತಪ್ಪಿದೆ ಎಂದು ಹೇಳುತ್ತಿದ್ದೆ. ನಕ್ಷೆ ಬಹಳ ಸಭ್ಯ ವಸ್ತು. ಎದುರಿನಿಂದ ಹೇಗೆ, ಮೇಲಿನಿಂದ ಹೇಗೆ, ಪಕ್ಕದಿಂದ ಹೇಗೆ ಎಂದು ಮೂರು ನೋಟ ಕೊಡುತ್ತದೆ. ಹಿಂದೆ ಅಡಗಿದ್ದನ್ನು ಕೂಡ ತುಂಡುಗೆರೆ ಎಳೆದು ಹೇಳಿಬಿಡುತ್ತದೆ. ಈ ಇಟಲಿಯವನು ಒಂದೇ ನೋಟ ಕೊಟ್ಟು ಹೋಗಿದ್ದಾನೆ. ಪಕ್ಕದ ನೋಟ ಒಂದಿದ್ದಿದ್ದರೆ ಮುದುಕನ ಮೊಣಕೈ ಯಾವ ಕಡೆಗೆ ಬಾಗುತ್ತಿದೆ ಎಂದು ನೋಡಿ ತೀರ್ಮಾನ ಹೇಳಬಹುದಿತ್ತು. ಒಂದು ಭಾನುವಾರ ಗಾಜಿನ ಮೇಲೆ ಸ್ಕೇಲು ಇಟ್ಟು ತಾಯಿಯ ತೋಳಿನ ಕೋನ ಅಳೆಯುತ್ತಿದ್ದೆ. ಪದ್ಮ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ, ನಾನು ಕೇಳದಿದ್ದರೂ ಬಿಸಿ ಕಾಫಿ ತಂದುಕೊಟ್ಟಳು. ಜ್ವರ ಬಂದವರಿಗೆ ಕೊಡುವ ಹಾಗೆ ಕೊಟ್ಟಳು.

ನನ್ನ ಗೊಂದಲಕ್ಕೆ ನಾನು ಬೆಳೆದ ರೀತಿಯೂ ಕಾರಣ. ಹಲಸೂರು ಕೆರೆಯ ಹತ್ತಿರದ ವಠಾರದಲ್ಲಿ ಬೆಳೆದವನು ನಾನು. ಅಲ್ಲಿ ಪ್ರತಿ ಮನೆಯ ಗೋಡೆಯ ಮೇಲೂ ಶಿವನ ಸಂಸಾರದ ಪಟ ಇತ್ತು. ಅದರಲ್ಲಿ ಯಾರು ಯಾರು ಎಂಬ ಅನುಮಾನಕ್ಕೆ ಜಾಗವೇ ಇಲ್ಲ. ಜಟೆ ಇದ್ದವನು ಅಪ್ಪ, ಪಕ್ಕದಲ್ಲಿ ಅಮ್ಮ, ಸೊಂಡಿಲಿನವನು ಒಬ್ಬ ಮಗ, ವೇಲಾಯುಧದವನು ಇನ್ನೊಬ್ಬ. ಎತ್ತು, ಸಿಂಹ, ಇಲಿ, ನವಿಲು ತಮ್ಮ ತಮ್ಮ ಯಜಮಾನರ ಕಾಲ ಬಳಿ ಬಿದ್ದುಕೊಂಡು ಮತ್ತೊಮ್ಮೆ ಗುರುತು ಹೇಳುತ್ತವೆ. ಎಲ್ಲಕ್ಕಿಂತ ಮುಖ್ಯ, ಎಲ್ಲರೂ ನಮ್ಮನ್ನೇ ನೋಡುತ್ತಿರುತ್ತಾರೆ. ಪೂಜೆಯ ತಟ್ಟೆಯಿಂದ ಹುರಿಗಡಲೆ ಬೆಲ್ಲ ಎತ್ತಿಕೊಂಡು ಬಾಗಿಲ ಹಿಂದೆ ನಿಂತರೂ ಶಿವನ ಕಣ್ಣು ಅಲ್ಲಿಗೆ ಬರುತ್ತಿತ್ತು. ದೇವರೆಂದರೆ ನಮ್ಮನ್ನು ನೋಡುವವನು ಎಂದೇ ನನ್ನ ತಿಳಿವಳಿಕೆ.

ಈ ಚಿತ್ರದಲ್ಲಿ ಒಬ್ಬರೂ ನಿಮ್ಮನ್ನು ನೋಡುವುದಿಲ್ಲ. ತಾಯಿ ಮಗುವನ್ನು ನೋಡುತ್ತಿದ್ದಾಳೆ, ಮಗುವಿಗೆ ತಾಯಿಯ ತಲೆಗೂದಲ ಮೇಲೆ ಕಣ್ಣು, ಮುದುಕನ ದೃಷ್ಟಿ ಕೆಳಗೆ. ಇಂಥವರಿಗೆ ಕೈ ಮುಗಿಯುವುದು ಹೇಗೆ? ಯಾರದೋ ಮನೆಗೆ ಹೋಗಿದ್ದೇವೆ, ಅವರು ಮಗುವಿಗೆ ಬಟ್ಟೆ ಹಾಕುವ ಗಡಿಬಿಡಿಯಲ್ಲಿದ್ದಾರೆ, ನಾವು ಬಂದದ್ದೇ ಅವರಿಗೆ ಗೊತ್ತಾಗಿಲ್ಲ, ಬಾಗಿಲಲ್ಲಿ ಕೆಮ್ಮಬೇಕೋ ವಾಪಸ್ಸು ಹೋಗಬೇಕೋ ತಿಳಿಯದೆ ನಿಂತಿದ್ದೇವೆ. ನನಗಂತೂ ಹೀಗೇ ಅನ್ನಿಸುತ್ತದೆ.

ಚಿತ್ರ ನಮ್ಮ ಮನೆಗೆ ಬಂದದ್ದು ನನ್ನ ಮದುವೆಯ ಉಡುಗೊರೆಯಾಗಿ. ಪದ್ಮಳಿಗೆ ಅದು ಎರಡನೆಯ ಮದುವೆ. ಅವಳ ಮೊದಲನೆಯ ಗಂಡ ಬಸ್ಸು ಅಪಘಾತದಲ್ಲಿ ತೀರಿಕೊಂಡಾಗ ಮಗಳು ಸುಮ ಇನ್ನೂ ತೆವಳುತ್ತಿದ್ದ ಕೂಸು. ನಾನು ನೋಡಲು ಹೋದ ದಿನ ಪದ್ಮ ಕಾಫಿ ಕೊಡುವುದಕ್ಕೆ ಮೊದಲು ಮಗುವನ್ನು ಎತ್ತಿಕೊಂಡು ಬಂದು ನನ್ನೆದುರು ಕೂತಳು. ಇಬ್ಬರನ್ನೂ ನೋಡಿ ಹೇಳಿ ಎಂಬ ಹಾಗೆ. ಮಗು ನನ್ನ ಜೇಬಿನ ಪೆನ್ನು ಕಿತ್ತುಕೊಂಡಿತು. ಪೆನ್ನು ವಾಪಸ್ಸು ಕೇಳುವುದಕ್ಕೆ ಸಂಕೋಚವಾಗಿ ಹಾಗೇ ಎದ್ದು ಬಂದೆ, ಮದುವೆಗೆ ಒಪ್ಪಿದ್ದೇನೆ ಎಂದು ಅವರ ಮನೆಯಲ್ಲಿ ತಿಳಿದುಕೊಂಡರು. ತಪ್ಪೇನೂ ತಿಳಿದಿರಲಿಲ್ಲ.

ಹಲಸೂರಿನ ಒಂದು ಚಿಕ್ಕ ಗುಡಿಯಲ್ಲಿ ಮದುವೆಯಾಯಿತು. ಕಾರ್ಖಾನೆಯ ನಮ್ಮ ಫೋರ್‌ಮನ್ ಆರೋಗ್ಯಸ್ವಾಮಿ ದೊಡ್ಡ ಪೊಟ್ಟಣವೊಂದನ್ನು ತಂದುಕೊಟ್ಟು, ಎರಡು ತುತ್ತು ಉಂಡು ಹೋದರು. ಮನೆಗೆ ಬಂದು ಬಿಚ್ಚಿದರೆ ಈ ಚಿತ್ರ. ಸೋಮವಾರ ಕ್ಯಾಂಟೀನಿನಲ್ಲಿ, ಆ ಮುದುಕ ಮಗುವಿನ ತಾತನೇ ಎಂದು ಕೇಳಿದೆ. ಆರೋಗ್ಯಸ್ವಾಮಿ ಇಡ್ಲಿ ಅದ್ದುತ್ತಾ, "ತಾತ ಅಲ್ಲಪ್ಪ, ಮೇರಿ ಮಾತಾ ಗಂಡ, ಜೋಸೆಫ್" ಎಂದರು. "ಹಾಗಾದ್ರೆ ಮಗುವಿನ ಅಪ್ಪ" ಎಂದೆ. "ಅದೂ ಅಲ್ಲ. ಮಗು ದೇವರದು. ಇವರು ಸುಮ್ನೆ ನೋಡ್ಕೊಂಡ್ರು, ಬೆಳೆಸಿದ್ರು" ಎಂದು ಚಟ್ನಿ ತರಲು ಎದ್ದುಹೋದರು.

ಹೊಸದಾಗಿ ಮದುವೆಯಾದವನಿಗೆ, ಅದೂ ನನ್ನ ಹಾಗೆ ಮದುವೆಯಾದವನಿಗೆ, ಈ ಮಾತು ಹೇಗೆ ಕೇಳಿಸಿರಬಹುದು ಹೇಳಿ. ಇದು ಹಾರೈಕೆಯೋ, ಬುದ್ಧಿಮಾತೋ, ತಮಾಷೆಯೋ? ನಿನ್ನ ಜಾಗ ಹಿಂದೆ, ನೆನಪಿಟ್ಟುಕೋ ಎಂದು ಹೇಳಿದರೋ? ಕೇಳಬಹುದಿತ್ತು. ಮರುದಿನ ಕೇಳೋಣ ಎಂದುಕೊಂಡೆ. ಮರುದಿನ ಬೇರೆ ಏನೋ ಕೆಲಸ ಬಂತು. ಹೀಗೆ ಅವರು ರಿಟೈರ್ ಆದರು, ಆಮೇಲೆ ನಾನೂ ಆದೆ. ಚಿತ್ರ ಗೋಡೆಯ ಮೇಲೆ, ಪ್ರಶ್ನೆ ನನ್ನ ಹೊಟ್ಟೆಯಲ್ಲಿ.

ನಮ್ಮಮ್ಮನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಆಗ ಅವಳು ಬದುಕಿದ್ದಳು. ಚಿತ್ರವನ್ನು ಒಮ್ಮೆ ನೋಡಿ ಅರ್ಥ ಹೇಳಿಬಿಟ್ಟಳು. ಗಡ್ಡದವರು ಯಾರೋ ದೊಡ್ಡ ಸ್ವಾಮಿಗಳು. ಈ ಹೆಂಗಸಿಗೆ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಹರಕೆ ಹೊತ್ತು ಮಗುವಾದ ಮೇಲೆ ಸ್ವಾಮಿಗಳ ಕೈಯಲ್ಲಿ ಮುಟ್ಟಿಸಲು ತಂದಿದ್ದಾಳೆ. ಸ್ವಾಮಿಗಳು ಮುಟ್ಟಿ ವಾಪಸ್ಸು ಕೊಡುತ್ತಿದ್ದಾರೆ. ಹಿಂದಿನ ಬತ್ತಲೆ ಹುಡುಗರು ಕಲ್ಯಾಣಿಯಲ್ಲಿ ಮುಳುಗಿ ಬಂದ ಭಕ್ತರು, ಬಟ್ಟೆ ಒಣಗಲೆಂದು ಕಾಯುತ್ತಿದ್ದಾರೆ. ಇಷ್ಟೂ ಹೇಳಿದ ಮೇಲೆ, ಭಕ್ತರೇ ಆದರೂ ಮನೆಯಲ್ಲಿ ಹೊಸ ಸೊಸೆ ಇದ್ದಾಳೆ ಎಂದು, ಪ್ಲಾಸ್ಟಿಕ್ ಹೂವಿನ ಹಾರವೊಂದನ್ನು ಕಮರ್ಷಿಯಲ್ ಸ್ಟ್ರೀಟಿನಿಂದ ತಂದು ಆ ಹುಡುಗರು ಮುಚ್ಚುವ ಹಾಗೆ ಎರಡೂ ಕಡೆಯಿಂದ ಇಳಿಬಿಟ್ಟಳು. ಶುಕ್ರವಾರಗಳಲ್ಲಿ ಗಾಜಿನ ಮೇಲೆ ಕುಂಕುಮ ಇಡುತ್ತಿದ್ದಳು. ತಾಯಿಗಲ್ಲ, ಮಗುವಿಗಲ್ಲ, ಮುದುಕನ ಬೋಳು ಹಣೆಗೆ.

ಒಮ್ಮೆ ಆರೋಗ್ಯಸ್ವಾಮಿ ಯಾವುದೋ ಕೆಲಸಕ್ಕೆ ಮನೆಗೆ ಬಂದರು. ಜೋಸೆಫನ ಹಣೆಯ ಮೇಲೆ ಕುಂಕುಮ ನೋಡಿ ನಿಂತರು. ನಾನು ಕಂಬಳಿಹುಳ ಮೈಮೇಲೆ ಬಿದ್ದವನಂತೆ ಆದೆ. ಒರೆಸಲು ಟವೆಲ್ಲು ಹುಡುಕುತ್ತಿದ್ದಾಗ ಅವರು ನಮ್ಮಮ್ಮನ ಕಡೆ ತಿರುಗಿ, "ಇರಲಿ ಬಿಡಿ ಅಮ್ಮ. ಪಾಪ, ಅವರಿಗೆ ಯಾರೂ ಜಾಸ್ತಿ ಪೂಜೆ ಮಾಡಲ್ಲ" ಎಂದರು. ಅಮ್ಮ ಅದಕ್ಕೆ, "ಅದಕ್ಕೇ ಮುಖ ಅಷ್ಟು ಬಾಡಿದೆ" ಎಂದಳು.

ಪದ್ಮಳ ಅಭಿಪ್ರಾಯ ಅವತ್ತಿನ ಅಡುಗೆ ಕೆಲಸವನ್ನು ಅವಲಂಬಿಸಿರುತ್ತಿತ್ತು. ಆರಾಮಾಗಿ ಕೂತಿದ್ದಾಗ ಕೇಳಿದರೆ, "ಕೊಡ್ತಿದಾರೆ ಕಣ್ರೀ. ಅವಳು ಈಸ್ಕೊಳ್ಳೋಕೆ ಕೈ ಚಾಚಿದಾಳೆ ನೋಡಿ" ಎನ್ನುತ್ತಿದ್ದಳು. ಒಲೆಯ ಮೇಲೆ ಹಾಲು, ಕಾಲ ಬಳಿ ಅಳುವ ಸುಮ ಇದ್ದಾಗ ಕೇಳಿದರೆ, "ಅವಳಿಗೆ ಸಾಕಾಗಿದೆ. ಸ್ವಲ್ಪ ಹಿಡ್ಕೊಳ್ಳಿ ಅಂತ ಹಿಂದಕ್ಕೆ ದಾಟಿಸ್ತಿದಾಳೆ. ಅವರಿಗಾದ್ರೂ ಅರ್ಥ ಆಗ್ತಿದೆ" ಎನ್ನುತ್ತಿದ್ದಳು. ನಾನು ಪೇಪರು ಮಡಿಸಿಟ್ಟು ಸುಮಳನ್ನು ಎತ್ತಿಕೊಳ್ಳುತ್ತಿದ್ದೆ.

ಸುಮ ಮೊದಮೊದಲು ನನ್ನನ್ನು "ರೀ" ಎಂದು ಕರೆಯುತ್ತಿದ್ದಳು. ಅವಳಮ್ಮ ಹಾಗೆ ಕರೆಯುತ್ತಿದ್ದಳಲ್ಲ, ಅದು ನನ್ನ ಹೆಸರೆಂದು ತಿಳಿದಿದ್ದಳು. ಬೀದಿಯ ತುದಿಯಿಂದ "ರೀ, ಐಸ್‌ಕ್ರೀಮ್" ಎಂದು ಕೂಗಿದರೆ ತಿಪ್ಪಸಂದ್ರ ಮಾರ್ಕೆಟ್ಟಿನ ಅರ್ಧ ಗಂಡಸರು ತಿರುಗಿ ನೋಡುತ್ತಿದ್ದರು. ಶಾಲೆಗೆ ಸೇರಿದ ಮೇಲೆ ಉಳಿದ ಮಕ್ಕಳನ್ನು ನೋಡಿ ತಾನಾಗಿ "ಅಪ್ಪ" ಎಂದಳು. ಯಾರೂ ಹೇಳಿಕೊಟ್ಟದ್ದಲ್ಲ. ನಾನು ಅವತ್ತು ಅದನ್ನು ಗಮನಿಸದವನ ಹಾಗೆ ಶೂ ಲೇಸು ಕಟ್ಟುತ್ತಾ ಬಹಳ ಹೊತ್ತು ಬಗ್ಗಿಕೊಂಡೇ ಇದ್ದೆ.

ಈಗ ಅವಳು ಇಂದಿರಾನಗರದ ಒಂದು ಕಡೆ ಫಿಸಿಯೋಥೆರಪಿ ಮಾಡುತ್ತಾಳೆ. ಜನರ ಸೊಂಟ ಭುಜಗಳೇ ಅವಳ ಲೋಕ. ಚಿತ್ರವನ್ನು ನೋಡಿ, "ಈಯಮ್ಮ ಹಿಂಗೇ ಇನ್ನೊಂದ್ ಸ್ವಲ್ಪ ಹೊತ್ತು ಕೂತ್ರೆ ಭುಜ ಹೋಗುತ್ತೆ" ಎನ್ನುತ್ತಾಳೆ. ಶರಣಪ್ಪ ಕೇಳಿದ ಪ್ರಶ್ನೆಯನ್ನು ಅವಳಿಗೆ ಹೇಳಿದಾಗ ಚಿತ್ರಕ್ಕೆ ಫೋನು ಹಿಡಿದಳು. ಕೊಡುತ್ತಿದ್ದಾನೆ ಎಂದು ಕೆಲವು ವಿದ್ವಾಂಸರು, ತೆಗೆದುಕೊಳ್ಳುತ್ತಿದ್ದಾನೆ ಎಂದು ಕೆಲವರು, ಒಮ್ಮತವಿಲ್ಲ ಎಂದು ಫೋನು ಹೇಳಿತು. ಪರೀಕ್ಷೆಯಲ್ಲಿ ಇಡೀ ಕ್ಲಾಸೇ ಫೇಲಾಗಿದೆ ಎಂದು ತಿಳಿದ ಹುಡುಗನ ಹಾಗೆ ನನಗೆ ಸಮಾಧಾನವಾಯಿತು.

ಆ ಸಮಾಧಾನ ಆ ವಾರ ಮುಗಿಯುವ ತನಕವೂ ಉಳಿಯಲಿಲ್ಲ. ಭಾನುವಾರ ಕೆ.ಆರ್. ಪುರದ ಆಚೆಯ ಹಳ್ಳಿಯಿಂದ ಪಿಳ್ಳಪ್ಪನವರು ಬಂದರು. ಅವರು ಸುಮಳ ದೊಡ್ಡಪ್ಪ, ತೀರಿಕೊಂಡ ಅವಳ ತಂದೆಯ ಅಣ್ಣ. ಒಳ್ಳೆಯ ಮನುಷ್ಯ. ಪದ್ಮ ನನ್ನನ್ನು ಮದುವೆಯಾದಾಗ ಅವರ ಕಡೆಯವರೆಲ್ಲ ಮುಖ ತಿರುಗಿಸಿದರೂ ಅವರು ತಿರುಗಿಸಲಿಲ್ಲ. ಪ್ರತಿ ಯುಗಾದಿಗೂ ಸುಮಳಿಗೆ ಬಟ್ಟೆ, ತೋಟದ ಸೇವಂತಿಗೆ ಹೂವು ಹಿಡಿದುಕೊಂಡು ಬರುತ್ತಿದ್ದರು. ಅವತ್ತೂ ಹೂವು ತಂದಿದ್ದರು. ಬಣ್ಣದ ವಾಸನೆಯ ನಡುವೆ ಸೋಫಾದ ಅಂಚಿನಲ್ಲಿ ಕೂತು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಮಾತು ತೆಗೆದರು.

"ಗೋಪಾಲ, ಒಂದ್ ಮಾತ್ ಕೇಳ್ತೀನಿ, ತಪ್ಪು ತಿಳ್ಕೋಬೇಡ. ಧಾರೆ ನಾನು ನಮ್ಮನೆಯವಳು ಎರೀತೀವಿ. ನನ್ ತಮ್ಮ ಇದ್ದಿದ್ರೆ ಅವನು ಎರೆಯೋನು. ಅವನಿಲ್ಲ, ನಾನಿದೀನಿ. ಮಗು ನಮ್ಮನೇದು. ನೀನು ಸಾಕಿದೀಯ, ಇಲ್ಲ ಅನ್ನಲ್ಲ, ನಿನ್ ಋಣ ದೊಡ್ಡದು. ಆದ್ರೆ ಕನ್ಯಾದಾನ ಅಂದ್ರೆ ಅದು ರಕ್ತದ ಮಾತು."

ಹೇಳುತ್ತಾ ಕೆಳಗಿಟ್ಟ ಖಾಲಿ ಲೋಟವನ್ನು ಮತ್ತೆ ಕೈಗೆತ್ತಿಕೊಂಡರು. ತಮ್ಮನ ನೆನಪಾಯಿತೆಂದು ಕಾಣುತ್ತದೆ. ಧಾರೆ ಎಂದರೆ ನಿಮಗೆ ಗೊತ್ತೇ ಇದೆ. ಹುಡುಗ ಹುಡುಗಿಯ ಕೈ ಸೇರಿಸಿ, ನಡುವೆ ತೆಂಗಿನಕಾಯಿ ಇಟ್ಟು, ಹುಡುಗಿಯ ಅಪ್ಪ ಅಮ್ಮ ಮೊದಲ ಚೊಂಬಿನ ಹಾಲು ಸುರಿಯುವುದು. ಆಮೇಲೆ ನೆಂಟರಿಷ್ಟರೆಲ್ಲ ಸಾಲಾಗಿ ಬಂದು ಸುರಿಯುತ್ತಾರೆ. ಆ ಮೊದಲ ಚೊಂಬನ್ನು ನಾನು ಹಿಡಿಯುತ್ತೇನೆ ಎಂದು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ವಿಷಯ ಎಂದೇ ತಿಳಿದಿರಲಿಲ್ಲ. ಅವರು ಕೇಳಿದಾಗಲೇ ಅದು ನನಗೆ ಎಷ್ಟು ಬೇಕಾಗಿತ್ತು ಎಂದು ಗೊತ್ತಾದದ್ದು. ಗೊತ್ತಾದ ಮೇಲೆ ಬಾಯಿಂದ ಬಂದ ಮಾತು, "ಆಗಲಿ ಅಣ್ಣ."

ಅಡುಗೆಮನೆಯಲ್ಲಿ ತಿರುಗುತ್ತಿದ್ದ ಮಿಕ್ಸಿ ನಿಂತಿತು. ಪದ್ಮ ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗಲೂ ಅನ್ನಲಿಲ್ಲ. ಅವಳು ಮಾತಾಡದಿದ್ದರೆ ನಾನು ತಪ್ಪು ಮಾಡಿದ್ದೇನೆ ಎಂದರ್ಥ, ಅಷ್ಟು ಗೊತ್ತು. ಆದರೆ ತಪ್ಪು ಯಾವುದು? ಪಿಳ್ಳಪ್ಪನವರ ಮಾತಿನಲ್ಲೂ ನ್ಯಾಯವಿತ್ತಲ್ಲ. ಅವರ ತಮ್ಮ ಬದುಕಿದ್ದಿದ್ದರೆ ನಾನು ಈ ಮನೆಯಲ್ಲಿ ಎಲ್ಲಿರುತ್ತಿದ್ದೆ? ಯಾರೋ ಹೋದದ್ದರಿಂದ ಖಾಲಿಯಾದ ಕುರ್ಚಿಯ ಮೇಲೆ ಕೂತವನು, ಇದು ನನ್ನದು ಎಂದು ಎಷ್ಟು ಗಟ್ಟಿಯಾಗಿ ಹೇಳಬಹುದು?

ಮರುದಿನ ಬೆಳಿಗ್ಗೆ, ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ, ಶಿವಾಜಿನಗರದ ಬಸ್ಸು ಹತ್ತಿ ಆರೋಗ್ಯಸ್ವಾಮಿಯ ಮನೆಗೆ ಹೋದೆ. ಚಿತ್ರ ಕೊಟ್ಟವರೇ ಅದರ ಅರ್ಥ ಹೇಳಲಿ ಎಂದು. ಅವರೀಗ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಮಗನ ಮನೆಯ ಮಹಡಿಯ ಮೇಲಿದ್ದಾರೆ. ಮಂಡಿ ನೋವು, ಕೆಳಗೆ ಇಳಿಯುವುದಿಲ್ಲ. ಕಿಟಕಿಯ ಬಳಿ ಕೂತು ಮೇಸ್ತ್ರಿಯ ಹಾಗೆ ಬೀದಿಯ ಉಸ್ತುವಾರಿ ನೋಡುತ್ತಾರೆ.

"ವಾಂಗೋ ವಾಂಗೋ ಗೋಪಾಲ್, ಬನ್ನಿ. ಏನ್ ಸಮಾಚಾರ?"

ಮದುವೆಗೆ ಕರೆದೆ. ಆಮೇಲೆ ಕೇಳಿದೆ. "ಸಾರ್, ನನ್ ಮದುವೆಗೆ ಆ ಚಿತ್ರ ಕೊಟ್ರಲ್ಲ, ಅದನ್ನೇ ಯಾಕೆ ಕೊಟ್ರಿ?"

"ಯಾವ ಚಿತ್ರ?"

ಹೇಳಿದೆ. ದುಂಡನೆಯದು, ಹಿಂದೆ ಜೋಸೆಫ್, ಮಗು ಭುಜದ ಮೇಲೆ. ಅವರು ಹುಬ್ಬು ಗಂಟಿಕ್ಕಿ ಯೋಚಿಸಿ, ಒಳಗಿದ್ದ ಹೆಂಡತಿಯನ್ನು ಕೂಗಿದರು. "ಫಿಲೋ, ಗೋಪಾಲ್ ಮದುವೆಗೆ ನಾವ್ ಏನ್ ಕೊಟ್ವಿ?"

ಒಳಗಿನಿಂದ ಉತ್ತರ ಬಂತು. "ಗೋಡೆ ಗಡಿಯಾರ ಅಲ್ವಾ?"

"ಗಡಿಯಾರ ಅಂತಾಳೆ ನೋಡಿ. ಹಾಂ, ಈಗ ನೆನಪಾಯ್ತು. ಗಡಿಯಾರ ತಗೊಳ್ಳೋಕೆ ಹೋಗಿದ್ದೆ. ಅಂಗಡಿಯವನು ಇದು ಚೆನ್ನಾಗಿದೆ, ಫ್ಯಾಮಿಲಿ ಪಿಕ್ಚರ್, ಮದುವೆಗೆ ಒಳ್ಳೇದು ಅಂದ. ತಗೊಂಡ್ಬಿಟ್ಟೆ."

ನಾನು ಅವರ ಮುಖವನ್ನೇ ನೋಡಿದೆ. ಇಪ್ಪತ್ತೈದು ವರ್ಷ ಒಬ್ಬ ಅಂಗಡಿಯವನ ಮಾತಿಗೆ ಅರ್ಥ ಹುಡುಕಿದ್ದೆ. ನಗು ಬಂತು, ಜೊತೆಗೆ ಎಲ್ಲೋ ಸ್ವಲ್ಪ ನಷ್ಟವೂ ಆದ ಹಾಗಾಯಿತು. ಯಾರೋ ನನ್ನನ್ನು ಕುರಿತು ಅಷ್ಟು ಆಳವಾಗಿ ಯೋಚಿಸಿದ್ದರು ಎಂಬ ನಂಬಿಕೆ ಇತ್ತಲ್ಲ, ಅದು ಹೋಯಿತು.

"ಜೋಸೆಫ್ ಬಗ್ಗೆ ಯಾಕೆ ಕೇಳ್ತಿದೀರಿ?" ಎಂದರು. ಪಿಳ್ಳಪ್ಪನವರ ವಿಷಯ ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತಾ, "ಜೋಸೆಫ್ ದೊಡ್ಡ ಮನುಷ್ಯ. ಬಡಗಿ ಕೆಲಸ. ಬೈಬಲ್ ಪೂರ್ತಿ ಹುಡುಕಿ, ಅವರು ಬಾಯಿ ಬಿಟ್ಟು ಆಡಿದ್ದು ಅಂತ ಒಂದು ಮಾತೂ ಇಲ್ಲ. ಸುಮ್ನೆ ಮಾಡೋದ್ ಮಾಡಿ ಹೋಗ್ಬಿಟ್ರು" ಎಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಎಲ್ಲ ಅರ್ಥವಾಯಿತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತ್ತು. ಸುಮ್ಮನಿರುವುದೇ ದೊಡ್ಡತನ. ನಾನು "ಆಗಲಿ" ಎಂದದ್ದೇ ಸರಿ. ಹಿಂದೆ ನಿಲ್ಲುವುದು, ಮಾತಾಡದಿರುವುದು, ಮಗುವನ್ನು ಅದರ ಹಕ್ಕುದಾರರಿಗೆ ಒಪ್ಪಿಸುವುದು. ಮುದುಕ ಕೊಡುತ್ತಲೇ ಇದ್ದಾನೆ, ಸಂಶಯವಿಲ್ಲ. ಹಲಸೂರು ದಾಟುವಷ್ಟರಲ್ಲಿ ನನ್ನ ತಲೆಯ ಹಿಂದೆ ಸಣ್ಣದೊಂದು ಪ್ರಭಾವಳಿಯೂ ಮೂಡಿತ್ತೆಂದು ಕಾಣುತ್ತದೆ. ತಿಪ್ಪಸಂದ್ರದಲ್ಲಿ ಇಳಿಯುವಾಗ ಕಂಡಕ್ಟರು "ಬೇಗ ಇಳೀರಿ ಯಜಮಾನ್ರೇ" ಎಂದು ಗದರಿದ್ದನ್ನೂ ಸಂತನ ತಾಳ್ಮೆಯಿಂದ ಕೇಳಿಸಿಕೊಂಡೆ.

ಮನೆಯಲ್ಲಿ ಸುಮ ಇದ್ದಳು. ಪದ್ಮ ಹೇಳಿರಬೇಕು, ಮುಖ ನೋಡಿದ ಕೂಡಲೇ ಗೊತ್ತಾಯಿತು. ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ.

"ದೊಡ್ಡಪ್ಪಂಗೆ ಆಗಲಿ ಅಂದ್ಯಂತೆ?"

"ಹೌದಮ್ಮ. ಅವರದ್ದೂ ನ್ಯಾಯ ಇದೆ. ನಿನ್ನನ್ನ ಧಾರೆ ಎರೆದು ಕೊಡೋ ಹಕ್ಕು..."

"ಹಕ್ಕು ಇಲ್ವಾ ನಿಂಗೆ?"

"ಇಲ್ಲ ಅಂತಲ್ಲ. ಲೆಕ್ಕಾಚಾರವಾಗಿ ನೋಡಿದ್ರೆ..."

"ಕೊಡೋಕೆ ಹಕ್ಕಿಲ್ಲ ಅಂದ್ಮೇಲೆ ಇಷ್ಟು ವರ್ಷ ಇಟ್ಕೊಂಡಿದ್ದು ಯಾವ ಹಕ್ಕಿನ ಮೇಲಪ್ಪ? ಜ್ವರ ಬಂದಾಗ ಹೆಗಲ ಮೇಲೆ ಹಾಕ್ಕೊಂಡು ತಿರುಗ್ತಿದ್ಯಲ್ಲ, ಆವಾಗ ಯಾರನ್ನ ಕೇಳ್ದೆ? ನನ್ನನ್ನ ಯಾರೋ ಇಟ್ಟು ಹೋಗಿದ್ರು, ಈಗ ವಾಪಸ್ ಒಪ್ಪಿಸ್ತಿದೀಯಾ?"

ಅವಳು ದನಿ ಎತ್ತಲಿಲ್ಲ. ಎತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ, ಅದು ನನಗೆ ಬರುತ್ತದೆ. ಇದ್ದ ಸಂತತನವೆಲ್ಲ ಹೊಸ್ತಿಲ ಬಳಿಯೇ ಕಳಚಿಬಿತ್ತು. ನಾನು ತ್ಯಾಗ ಎಂದುಕೊಂಡದ್ದು ಅವಳಿಗೆ ಹೇಗೆ ಕಂಡಿರಬಹುದು ಎಂದು ಆವರೆಗೆ ಯೋಚಿಸಿಯೇ ಇರಲಿಲ್ಲ. ಯಾರಿಗೂ ನೋವಾಗಬಾರದೆಂದು ಆಡಿದ ಒಂದು ಮಾತಿನಲ್ಲಿ, ಆ ಹುಡುಗಿಗೆ ನೀನು ನನ್ನವಳಲ್ಲ ಎಂದು ಹೇಳಿಬಿಟ್ಟಿದ್ದೆ. "ನಂಗೇ ಎರೀಬೇಕು ಅಂತ ಆಸೆ" ಎಂದೆ. ಅಷ್ಟು ಹೇಳುವುದಕ್ಕೆ ಗೋಡೆ ಹಿಡಿದುಕೊಳ್ಳಬೇಕಾಯಿತು. ಗೋಡೆಯ ಬಣ್ಣ ಇನ್ನೂ ಹಸಿಯಾಗಿತ್ತು.

"ಅದನ್ನ ಅಲ್ಲೇ ಹೇಳಕ್ಕೆ ಏನಾಗಿತ್ತು?" ಎಂದು ಸುಮ ಸ್ಕೂಟರಿನ ಕೀ ಎತ್ತಿಕೊಂಡಳು. ನಾನೂ ಬರುತ್ತೇನೆ ಎಂದೆ. "ಬೇಡ. ನೀನು ಬಂದ್ರೆ ಅಲ್ಲೂ ಆಗಲಿ ಅಂತೀಯ" ಎಂದು ಕೆ.ಆರ್. ಪುರದ ಕಡೆಗೆ ಹೊರಟೇ ಹೋದಳು. ಪದ್ಮ ಒಳಗಿನಿಂದ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ತಂದು ನನ್ನ ಅಂಗೈಯ ಬಣ್ಣ ಒರೆಸತೊಡಗಿದಳು. ಬಾಯಿ ಮಾತ್ರ ಇನ್ನೂ ಬಿಟ್ಟಿರಲಿಲ್ಲ, ಆದರೆ ಒರೆಸುವ ರೀತಿಯಲ್ಲಿ ಕೋಪ ಇಳಿದದ್ದು ಗೊತ್ತಾಗುತ್ತಿತ್ತು.

ಅಲ್ಲಿ ಏನು ಮಾತಾಯಿತೋ ಸುಮ ಇವತ್ತಿಗೂ ಹೇಳಿಲ್ಲ. ಸಂಜೆ ಪಿಳ್ಳಪ್ಪನವರ ಫೋನು ಬಂತು. "ಮಗು ಬಂದು ಹೇಳ್ತು. ನಂಗೂ ಯೋಚ್ನೆ ಮಾಡಿ ಸರಿ ಅನ್ನಿಸ್ತು. ಎರಡನೇ ಚೊಂಬು ನಂದು, ಅದನ್ನ ಮಾತ್ರ ಯಾರಿಗೂ ಕೊಡ್ಬೇಡ" ಎಂದರು. ಆಮೇಲೆ, "ನನ್ ತಮ್ಮನ ಹೆಸ್ರು ಒಂದ್ಸಲ ಮನಸ್ಸಲ್ಲಿ ನೆನೆಸ್ಕೊಳಪ್ಪ" ಎಂದರು. ನೆನೆಸಿಕೊಳ್ಳುತ್ತೇನೆ ಅಣ್ಣ ಎಂದೆ. ಈ ಸಲ ಮನಸ್ಸಿನಿಂದಲೇ ಅಂದೆ.

ಮದುವೆ ಹಳೇ ಮದ್ರಾಸ್ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ. ಮುಹೂರ್ತದ ಹೊತ್ತಿಗೆ ನಾದಸ್ವರದವರು ಗಟ್ಟಿಮೇಳಕ್ಕೆ ಸಿದ್ಧವಾಗಿ ಕೂತಿದ್ದರು. ಪುರೋಹಿತರು ಸುಮಳ ಕೈಯನ್ನು ಹುಡುಗನ ಕೈಯ ಮೇಲಿಟ್ಟು, ತೆಂಗಿನಕಾಯಿ ಇಟ್ಟು, ಹಾಲಿನ ಚೊಂಬನ್ನು ನನ್ನ ಕೈಗೆ ಕೊಟ್ಟರು. ಪದ್ಮ ಪಕ್ಕದಲ್ಲಿ ನಿಂತು ಅದಕ್ಕೆ ಕೈ ತಾಗಿಸಿದಳು. ಪಿಳ್ಳಪ್ಪನವರು ತಮ್ಮ ಚೊಂಬು ಹಿಡಿದು ಹೆಂಡತಿಯ ಜೊತೆ ನನ್ನ ಹಿಂದೆಯೇ ನಿಂತಿದ್ದರು. ಅವರ ತಮ್ಮನ ಹೆಸರು ನೆನೆದೆ.

ಪುರೋಹಿತರು ಮಂತ್ರ ಮುಗಿಸಿ, "ಎರೀರಿ ಯಜಮಾನ್ರೇ" ಎಂದರು.

ನನ್ನ ಕೈ ಅಲುಗಲಿಲ್ಲ. ಚೊಂಬು ಹಿಡಿಯಬೇಕೆಂದು ಅಷ್ಟು ಆಸೆಪಟ್ಟವನು, ಹಿಡಿದ ಮೇಲೆ ಅದನ್ನು ಬಗ್ಗಿಸಬೇಕು ಎಂಬುದನ್ನು ಮರೆತೇಬಿಟ್ಟಿದ್ದೆ. ಹಕ್ಕು ಸಿಕ್ಕಿತ್ತು, ಆದರೆ ಸಿಕ್ಕಿದ್ದು ಕೊಟ್ಟುಬಿಡುವ ಹಕ್ಕು. ಇದಕ್ಕಾಗಿಯೇ ನಾನು ಗೋಡೆ ಹಿಡಿದುಕೊಂಡು ಬೇಡಿದೆನೇ? ಪುರೋಹಿತರು ಮತ್ತೊಮ್ಮೆ ಹೇಳಿದರು. ವಾಲಗದವನು ಊದಲೋ ಬೇಡವೋ ಎಂದು ನನ್ನ ಮುಖ ನೋಡಿದ. ಹಿಂದಿನಿಂದ ಪಿಳ್ಳಪ್ಪನವರು ಮೆಲ್ಲಗೆ, "ಹುಯ್ಯಪ್ಪ, ಹೊತ್ತು ಮೀರುತ್ತೆ" ಎಂದರು.

ಸುಮ ತಲೆ ಎತ್ತಿದಳು. ಅವಳ ಕಣ್ಣೂ ತುಂಬಿತ್ತು. "ಅಪ್ಪ, ಕೈ ನೋಯ್ತಿದೆ, ಹಾಕಪ್ಪ" ಎಂದಳು.

ಹಾಲು ಸುರಿಯಿತು. ಚೊಂಬನ್ನು ನಾನೇ ಬಗ್ಗಿಸಿದೆನೋ, ಪದ್ಮ ನನ್ನ ಮೊಣಕೈಯನ್ನು ಎತ್ತಿದಳೋ, ಈಗಲೂ ನನಗೆ ತಿಳಿಯದು.